ಹೆಗಲುನೋವೂ ಹೊಸ ಚಿಕಿತ್ಸೆಗಳೂ

ಮನುಷ್ಯಶರೀರದ ಕೀಲುಗಳಲ್ಲಿ ಹೆಗಲಿನ ಕೀಲಿಗಿರುವಷ್ಟು ಸ್ವಾತಂತ್ರ್ಯವು ಮತ್ತಾವ ಕೀಲಿಗೂ ಇಲ್ಲ. ಮೊಣಕಾಲು ಬಾಗಿಲ ಕದದಂತೆ ಹೆಚ್ಚುಕಡಮೆ ಒಂದೇ ದಿಕ್ಕಿನಲ್ಲಿ ಮಡಿಸಿ ಬಿಚ್ಚಿಕೊಳ್ಳುವುದು. ತೊಡೆಯ ಕೀಲು ಆಳವಾದ ಬಟ್ಟಲೊಳಗೆ ಭದ್ರವಾಗಿ ಕುಳಿತಿರುವುದು. ಹೆಗಲಾದರೋ ಹಾಗಲ್ಲ. ತೋಳಿನ ಎಲುಬಿನ ದಪ್ಪನಾದ ದುಂಡುತಲೆಯು ಒಂದು ಚಿಕ್ಕ, ಆಳವಿಲ್ಲದ ಕುಳಿಗೆ ಆನಿಕೊಂಡು ನಿಂತಿರುವುದು. ನಿಂಬೆಯ ಹಣ್ಣನ್ನು ಚಮಚದ ಮೇಲೆ ನಿಲ್ಲಿಸಿದಂತೆ ಎಂದರೆ ಅದರ ಸ್ಥಿತಿಯು ಮನಸ್ಸಿಗೆ ಹೊಳೆದೀತು. ಅದನ್ನು ಜಾರದಂತೆ ಹಿಡಿದಿರುವುದು ಎಲುಬಿನ ಗೋಡೆಯಲ್ಲ; ಕೀಲನ್ನು ಸುತ್ತಿಕೊಂಡಿರುವ ಚೀಲದಂತಹ ಒಂದು ಪೊರೆ, ಮತ್ತು ಬೆನ್ನಿನ ರೆಕ್ಕೆಯೆಲುಬಿನಿಂದ ಹೊರಟು ತೋಳಿನ ತಲೆಯನ್ನು ಅಪ್ಪಿಕೊಳ್ಳುವ ನಾಲ್ಕು ಮಾಂಸಪೇಶಿಗಳು. ಪೇಶಿಯ ತುದಿಯು ಹಗ್ಗದಂತೆ ಹುರಿಗೊಂಡು ಎಲುಬಿಗೆ ಕಟ್ಟಿಕೊಂಡಿರುವ ಭಾಗಕ್ಕೆ ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಕಂಡರವೆಂದು ಹೆಸರು. ಈ ನಾಲ್ಕು ಪೇಶಿಗಳ ಕೂಟವನ್ನು ಈಗಿನ ಡಾಕ್ಟರುಗಳು ರೋಟೇಟರ್ ಕಫ್ ಎನ್ನುವರು. ನಾವು ಜಡೆ ಹೆಣೆಯುವುದೂ, ಅಟ್ಟದಿಂದ ಪಾತ್ರೆ ಇಳಿಸುವುದೂ, ದೇವರಿಗೆ ಕೈಯೆತ್ತಿ ಮುಗಿಯುವುದೂ ಇವುಗಳ ಕೃಪೆಯಿಂದ. ಆದರೆ ಸ್ವಾತಂತ್ರ್ಯವು ಹೆಚ್ಚಾದಲ್ಲಿ ಭದ್ರತೆಯು ಕಡಮೆ; ಆದಕಾರಣವೇ ಹೆಗಲು ಬಹುಬೇಗನೆ ನೋಯುವ ಕೀಲೂ ಆಗಿರುವುದು.

ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯಲ್ಲಿ ಈ ನೋವಿಗೆ ವಿಶೇಷವಾದ ಕಾರಣಗಳುಂಟು. ಕಾಫಿಯ ತೋಟದ ಕೆಲಸವೆಂಬುದು ಬಹುಮಟ್ಟಿಗೆ ತೋಳಿನ ಕೆಲಸ. ನವಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ಮಾರ್ಚಿಯವರೆಗೆ ರೊಬಸ್ಟಾ, ಹೀಗೆ ನಾಲ್ಕೈದು ತಿಂಗಳ ಕಾಲ ಒಂದು ಕೈಯಿಂದ ರೆಂಬೆಯನ್ನು ಬಗ್ಗಿಸಿ ಹಿಡಿದು ಇನ್ನೊಂದರಿಂದ ಹಣ್ಣು ಬಿಡಿಸಬೇಕು. ರೊಬಸ್ಟಾ ಗಿಡವು ಅರೇಬಿಕಾಕ್ಕಿಂತ ಎತ್ತರವಾದುದರಿಂದ ಕೈಯು ಹೆಗಲಿಗಿಂತ ಮೇಲೆಯೇ ನಿಲ್ಲುವ ಹೊತ್ತು ಹೆಚ್ಚು. ಸಂಜೆ ತುಂಬಿದ ಚೀಲವನ್ನು ಹೊತ್ತು ತೂಕದ ಜಾಗಕ್ಕೆ ಸಾಗಿಸಬೇಕು. ಕೊಯ್ಲು ಮುಗಿಯಿತೆಂದರೆ ಕತ್ತರಿ ಹಿಡಿದು ಗಿಡದ ಕಸಿ. ಮಳೆಗೆ ಮುಂಚೆ ಕತ್ತಿ ಹಿಡಿದು ಮರಗಸಿ. ಮೆಣಸಿನ ಬಳ್ಳಿಗೆ ಏಣಿಯಿಟ್ಟು ನಿಂತವನ ಕೈಯೂ, ಅಡಕೆಗೆ ಔಷಧಿ ಹೊಡೆಯಲು ಉದ್ದನೆಯ ದೋಟಿಯನ್ನು ನೆಟ್ಟಗೆ ಹಿಡಿದು ಕತ್ತೆತ್ತಿ ನೋಡುವವನ ಕೈಯೂ ಗಂಟೆಗಟ್ಟಲೆ ಮೇಲೆಯೇ ಇರುವುವು. ಇಷ್ಟೆಲ್ಲ ಆದಮೇಲೆ ಮನೆಯ ಹೆಂಗಸಿಗೆ ಸೌದೆ, ನೀರು, ಬಟ್ಟೆ ಹಿಂಡುವುದು, ಕೊಟ್ಟಿಗೆಯ ಕೆಲಸ ಬೇರೆ. ದಿನಗೂಲಿಯವರ ಮನೆಯಲ್ಲಿ ತೋಳೊಂದು ಏಳದಾಯಿತೆಂದರೆ ಆ ವರ್ಷದ ಸುಗ್ಗಿಯ ಸಂಪಾದನೆಯೇ ಹೋಯಿತೆಂದು ಅರ್ಥ. ಹೀಗಿರುವಾಗ, ಕೊಯ್ಯದೆ ಹೊಲಿಯದೆ ಕೀಲನ್ನು ಹೊಸದಾಗಿ ಬೆಳೆಯಿಸುವೆವೆಂದು ಹೇಳುವ ಚಿಕಿತ್ಸೆಗಳ ಮಾತು ಈಚೆಗೆ ಮೊಬೈಲಿನ ಮೂಲಕ ಲೈನುಮನೆಗಳವರೆಗೂ ಬಂದಿರುವುದರಿಂದ, ಅವುಗಳ ಸತ್ಯಾಸತ್ಯತೆಯನ್ನು ಗೃಹಸ್ಥರು ತಿಳಿದಿರುವುದು ಅವಶ್ಯಕ.

ಮೊದಲು ರೋಗಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ತೋಳಿನ ನೋವೆಲ್ಲ ಒಂದೇ ಅಲ್ಲ. ಸಾಮಾನ್ಯವಾಗಿ ಕಾಣುವುವು ಮೂರು.

ಒಂದನೆಯದು ಕಂಡರದ ಸವೆತ. ಕೈಯನ್ನು ಪಕ್ಕದಿಂದ ಮೇಲಕ್ಕೆತ್ತುವಾಗ ನಡುದಾರಿಯಲ್ಲಿ ನೋವು. ನೋಯುವ ಮಗ್ಗುಲಲ್ಲಿ ಮಲಗಲಾಗದು. ಆದರೆ ಇನ್ನೊಬ್ಬರು ಮೆಲ್ಲಗೆ ಎತ್ತಿದರೆ ಕೈಯು ಬಹುಮಟ್ಟಿಗೆ ಏಳುವುದು.

ಎರಡನೆಯದು ಹೆಗಲು ಬೀಗಿಕೊಳ್ಳುವುದು. ಇದರಲ್ಲಿ ಕೀಲಿನ ಪೊರೆಯೇ ಉರಿಗೊಂಡು, ದಪ್ಪವಾಗಿ, ಕುಗ್ಗುವುದು. ತಾನೆತ್ತಿದರೂ ಏಳದು, ಪರರೆತ್ತಿದರೂ ಏಳದು. ಮೊಣಕೈಯನ್ನು ಪಕ್ಕೆಗೊತ್ತಿ ಅಂಗೈಯನ್ನು ಹೊರಕ್ಕೆ ತಿರುಗಿಸಲು ಹೋದರೆ ಕೈಯು ಗೋಡೆಗೆ ತಾಗಿದಂತೆ ನಿಲ್ಲುವುದು. ಬಾಸ್ಟನ್ ನಗರದ ಶಸ್ತ್ರವೈದ್ಯ ಕಾಡ್‌ಮನ್ ಎಂಬವರು 1934ರಲ್ಲಿ ಇದಕ್ಕೆ ಫ್ರೋಜನ್ ಶೋಲ್ಡರ್, ಎಂದರೆ ಹೆಪ್ಪುಗಟ್ಟಿದ ಹೆಗಲು, ಎಂದು ಹೆಸರಿಟ್ಟರು. ನಲವತ್ತರಿಂದ ಅರವತ್ತರೊಳಗಿನ ವಯಸ್ಸಿನವರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು.

ಮೂರನೆಯದು ಮೊಣಕೈಯ ಹೊರಮಗ್ಗುಲ ನೋವು. ಇದನ್ನು ಟೆನ್ನಿಸ್ ಎಲ್ಬೋ ಎನ್ನುವರಾದರೂ, ಟೆನ್ನಿಸ್ ಆಟವನ್ನು ಕಣ್ಣಿಂದ ಕಾಣದವರೇ ಇದರಿಂದ ನರಳುವವರಲ್ಲಿ ಹೆಚ್ಚಿನವರು. ಕಸಿಯ ಕತ್ತರಿಯನ್ನು ದಿನವಿಡೀ ಹಿಸುಕುವ ಕೈಗೆ ಇದು ಬರುವುದು. ತುಂಬಿದ ತಂಬಿಗೆಯನ್ನೆತ್ತಲು ಹೋದರೆ ಹಿಡಿತವೇ ಸಡಲುವುದು.

ಹೆಗಲು ಬೀಗುವ ವ್ಯಾಧಿಯು ನಮ್ಮವರಿಗೆ ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ವಾತವ್ಯಾಧಿಗಳನ್ನು ಹೇಳುವಲ್ಲಿ ಅವಬಾಹುಕವೆಂಬ ರೋಗವನ್ನು ವಿವರಿಸಿದೆ. ಹೆಗಲಿನ ಕಟ್ಟುಗಳು ಒಣಗಿ ಕುಗ್ಗುವುದೇ ಅದರ ಲಕ್ಷಣವೆಂದು ಆಚಾರ್ಯರ ಅಭಿಪ್ರಾಯ. ಪೊರೆಯ ಸಂಕೋಚವೇ ರೋಗದ ಮರ್ಮವೆಂದು ಇಂದಿನ ಶಾಸ್ತ್ರವು ಹೇಳುವುದಕ್ಕೆ ಈ ಮಾತು ಎಷ್ಟು ಸಮೀಪವಾದುದೆಂಬುದನ್ನು ಕಂಡಾಗ ಆಶ್ಚರ್ಯವಾಗುವುದು. ಇದಕ್ಕೆ ವಾಗ್ಭಟರು ನಸ್ಯವನ್ನೂ ಸ್ನೇಹಪಾನವನ್ನೂ ವಿಧಿಸಿದ್ದಾರೆ. ಎಣ್ಣೆ ಸವರಿ ಬಿಸಿನೀರಿನ ಶಾಖ ಕೊಡುವ ನಮ್ಮ ಮನೆಮದ್ದು ನೋವನ್ನು ಕೊಂಚ ತಗ್ಗಿಸಿ, ಕೈಯನ್ನಾಡಿಸುವುದಕ್ಕೆ ಧೈರ್ಯ ಕೊಡುವುದು. ಆದರೆ ಎಣ್ಣೆಯು ಪೊರೆಯವರೆಗೆ ಇಳಿದು ಅದನ್ನು ಸಡಲಿಸುವುದೆಂದು ನಂಬಿ, ಕೈಯನ್ನು ಅಲ್ಲಾಡಿಸದೆ ಕುಳಿತರೆ ಬಿಗಿಯು ಹೆಚ್ಚುವುದೇ ಹೊರತು ಕಡಮೆಯಾಗದು.

ಇನ್ನು ಹೊಸ ಚಿಕಿತ್ಸೆಗಳ ವಿಚಾರ. ಇವುಗಳಿಗೆ ಪುನರುತ್ಪಾದಕ ಚಿಕಿತ್ಸೆಗಳೆಂದು ಹೆಸರು. ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಪಿ.ಆರ್.ಪಿ. ಎಂಬುದು. ರೋಗಿಯ ರಕ್ತವನ್ನೇ ಸ್ವಲ್ಪ ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ, ಮೊಸರು ಕಡೆದಾಗ ಬೆಣ್ಣೆಯು ಬೇರ್ಪಡುವಂತೆ, ರಕ್ತದ ಅಂಶಗಳು ಬೇರೆಬೇರೆಯಾಗಿ ನಿಲ್ಲುವುವು. ಗಾಯವಾದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಹೇರಳವಾಗಿರುವ ಪದರವನ್ನು ಆರಿಸಿ, ನೋಯುವ ಕಂಡರಕ್ಕೋ ಕೀಲಿಗೋ ಚುಚ್ಚುವರು. ಈ ಕಣಗಳಲ್ಲಿ ಬೆಳವಣಿಗೆಯನ್ನು ಪ್ರೇರಿಸುವ ದ್ರವ್ಯಗಳಿರುವುದು ನಿಜ. ಗಾಯ ಮಾಯುವುದರಲ್ಲಿ ಅವುಗಳ ಪಾತ್ರವಿರುವುದೂ ನಿಜ. ಕಂಡರಕ್ಕೆ ರಕ್ತಸಂಚಾರವು ಕಡಮೆಯಾದುದರಿಂದ ಅದು ನಿಧಾನವಾಗಿ ಮಾಯುವುದು. ಅಲ್ಲಿಗೆ ಈ ದ್ರವ್ಯಗಳನ್ನು ತಂದು ಸುರಿದರೆ ಬೇಗ ಮಾಯಬೇಡವೆ ಎಂಬುದು ತರ್ಕ. ತರ್ಕವೇನೋ ಸೊಗಸಾಗಿದೆ. ಆದರೆ ವೈದ್ಯಶಾಸ್ತ್ರದಲ್ಲಿ ಅನುಮಾನಕ್ಕಿಂತ ಪ್ರತ್ಯಕ್ಷವೇ ಬಲವತ್ತರವಾದ ಪ್ರಮಾಣ.

ಆ ಪ್ರತ್ಯಕ್ಷವೇನೆಂದರೆ: ಮೊಣಕೈನೋವಿಗೆ ಪಿ.ಆರ್.ಪಿ.ಯನ್ನೂ ರೋಗಿಯ ಸ್ವಂತ ರಕ್ತವನ್ನೂ ಚುಚ್ಚಿ ನೋಡಿದ 32 ಪರೀಕ್ಷೆಗಳನ್ನು, ಅವುಗಳಲ್ಲಿ ಭಾಗಿಗಳಾದ 2,337 ರೋಗಿಗಳ ಫಲಿತಾಂಶಗಳನ್ನು, ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ವಿದ್ವತ್ಸಂಸ್ಥೆಯು ಒಟ್ಟುಗೂಡಿಸಿ 2021ರಲ್ಲಿ ವಿಮರ್ಶಿಸಿತು. ಬರಿಯ ಉಪ್ಪುನೀರನ್ನು ಚುಚ್ಚಿಸಿಕೊಂಡವರಿಗಿಂತ ಇವರಿಗೆ ಹೇಳಿಕೊಳ್ಳುವಂತಹ ಹೆಚ್ಚಿನ ಗುಣವು ಪ್ರಾಯಶಃ ಆಗದೆಂದು ಅದರ ನಿರ್ಣಯ. ಹೆಗಲಿನ ವಿಷಯದಲ್ಲಿ ಕೆಲವು ಚಿಕ್ಕ ಪರೀಕ್ಷೆಗಳು ಗುಣವನ್ನು ಹೇಳುವುವು, ಕೆಲವು ಹೇಳವು. ತಯಾರಿಸುವ ರೀತಿಯೂ ಒಂದೊಂದು ಕಡೆ ಒಂದೊಂದು ಬಗೆ. ತನ್ನದೇ ರಕ್ತವಾದುದರಿಂದ, ಶುಚಿಯಾಗಿ ಮಾಡಿದರೆ ಅಪಾಯವು ಅಲ್ಪ. ಆದರೆ ಹಲವು ಸಾವಿರ ರೂಪಾಯಿಗಳನ್ನು ಕೊಟ್ಟು ಕೊಳ್ಳುವ ಪದಾರ್ಥಕ್ಕೆ ಅಪಾಯವಿಲ್ಲವೆಂಬ ಪ್ರಶಂಸೆಯೊಂದೇ ಸಾಲದು.

ಎರಡನೆಯದು ಸ್ಟೆಮ್ ಸೆಲ್, ಎಂದರೆ ಮೂಲಕೋಶಗಳ ಚಿಕಿತ್ಸೆ. ಮಜ್ಜೆಯಿಂದಲೋ ಕೊಬ್ಬಿನಿಂದಲೋ ಕೋಶಗಳನ್ನು ತೆಗೆದು ಕೀಲಿಗೆ ಚುಚ್ಚಿದರೆ ಅವು ಹೊಸ ಕಂಡರವಾಗಿ ಬೆಳೆಯುವುವೆಂದು ಹೇಳುವರು. ಈ ವಿಷಯದಲ್ಲಿ ವಾಚಕರು ಒಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಡತಕ್ಕದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯಂತೆ, ಕೆಲವು ರಕ್ತಸಂಬಂಧವಾದ ರೋಗಗಳಿಗೆ ಮಾಡುವ ರಕ್ತಮೂಲಕೋಶಗಳ ಕಸಿಯನ್ನು ಬಿಟ್ಟರೆ, ಮಿಕ್ಕ ಮೂಲಕೋಶ ಚಿಕಿತ್ಸೆಗಳು ಇನ್ನೂ ಪ್ರಯೋಗದ ಹಂತದವು. ಅನುಮತಿ ಪಡೆದ ಪ್ರಯೋಗದ ಹೊರಗೆ ಅವನ್ನು ರೋಗಿಗೆ ಕೊಡುವುದು ನೀತಿಗೆ ಹೊರತಾದುದು. ಹೆಗಲುನೋವು ಆ ವಿನಾಯಿತಿಯ ಪಟ್ಟಿಯಲ್ಲಿಲ್ಲ.

ಹಾಗಾದರೆ ಹಳೆಯ ಇಂಜೆಕ್ಷನ್ ಮೇಲೋ ಎಂದು ಕೇಳಬಹುದು. ಸ್ಟೀರಾಯಿಡ್ ಎಂಬ ಔಷಧವನ್ನು ಚುಚ್ಚಿದರೆ ಬೀಗಿದ ಹೆಗಲಿನ ಮೊದಲ ತಿಂಗಳುಗಳ ಕ್ರೂರವಾದ ನೋವು ಕೆಲವು ವಾರಗಳ ಮಟ್ಟಿಗೆ ಚೆನ್ನಾಗಿ ತಗ್ಗುವುದು. ಆ ಬಿಡುವಿನಲ್ಲಿ ವ್ಯಾಯಾಮವನ್ನು ಮಾಡಿಸಬಹುದು. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಇದು ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸುವುದರಿಂದ ಮೊದಲೇ ವೈದ್ಯರಿಗೆ ಹೇಳಬೇಕು. ಮೊಣಕೈನೋವಿನಲ್ಲಾದರೋ ಇದರ ಫಲವು ವಿಪರೀತ: ಆರು ವಾರಕ್ಕೆ ಸುಖವೆನಿಸಿದರೂ, ವರ್ಷದ ಕೊನೆಗೆ ನೋಡಿದರೆ ಚುಚ್ಚಿಸಿಕೊಂಡವರ ಸ್ಥಿತಿಯು ಚುಚ್ಚಿಸಿಕೊಳ್ಳದವರಿಗಿಂತ ಹೀನವಾಗಿರುವುದೆಂದು ಪರೀಕ್ಷೆಗಳು ತೋರಿಸಿವೆ.

ಶಸ್ತ್ರಕ್ರಿಯೆಯ ಪ್ರತಿಷ್ಠೆಯೂ ಈಚೆಗೆ ಇಳಿದಿದೆ. ಹೆಗಲಿನ ಚಾವಣಿಯಂತಿರುವ ಎಲುಬನ್ನು ಉಜ್ಜಿ ಕಂಡರಕ್ಕೆ ಜಾಗ ಮಾಡುವ ಕ್ರಿಯೆಯನ್ನು ಇಂಗ್ಲೆಂಡಿನಲ್ಲಿ 313 ರೋಗಿಗಳಲ್ಲಿ ಪರೀಕ್ಷಿಸಿದರು. ಕೆಲವರಿಗೆ ಎಲುಬನ್ನು ಉಜ್ಜಿದರು. ಕೆಲವರಿಗೆ ದುರ್ಬೀನನ್ನು ಒಳಗಿಟ್ಟು ನೋಡಿ ಏನನ್ನೂ ಮಾಡದೆ ಹೊರತೆಗೆದರು. ಎರಡು ಪಂಗಡಕ್ಕೂ ಒಂದೇ ಸಮನಾಗಿ ಗುಣವಾಯಿತೆಂದು 2018ರಲ್ಲಿ ಪ್ರಕಟವಾಯಿತು. ಬೀಗಿದ ಹೆಗಲಿನ 503 ರೋಗಿಗಳ ಮೇಲೆ ಅದೇ ದೇಶದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಪೊರೆಯನ್ನು ಕೊಯ್ದು ಬಿಡಿಸುವುದು, ಮೂರ್ಛೆಗೊಳಿಸಿ ಕೈಯನ್ನು ತಿರುಗಿಸುವುದು, ಸ್ಟೀರಾಯಿಡಿನೊಡನೆ ವ್ಯಾಯಾಮ, ಈ ಮೂರರಲ್ಲಿ ಯಾವುದೂ ಉಳಿದೆರಡಕ್ಕಿಂತ ಎದ್ದುಕಾಣುವಷ್ಟು ಮೇಲೆನಿಸಲಿಲ್ಲ.

ನಮ್ಮಂತಹ ಗುಡ್ಡಗಾಡಿನವರಿಗೆ ಇವೆಲ್ಲಕ್ಕಿಂತ ಮುಖ್ಯವಾದುದು 2021ರಲ್ಲಿ ಹೊರಬಂದ ಮತ್ತೊಂದು ಪರೀಕ್ಷೆ. ಕಂಡರದ ನೋವುಳ್ಳ 708 ಜನರಲ್ಲಿ ಕೆಲವರಿಗೆ ವ್ಯಾಯಾಮತಜ್ಞರು ಆರು ಸಲದವರೆಗೆ ಎದುರಿನಲ್ಲಿ ನಿಂತು ಅಭ್ಯಾಸ ಮಾಡಿಸಿದರು. ಮಿಕ್ಕವರಿಗೆ ಒಂದೇ ಸಲ ಚೆನ್ನಾಗಿ ಪರೀಕ್ಷಿಸಿ, ತಿಳಿಯಹೇಳಿ, ಮನೆಯಲ್ಲಿ ಮಾಡತಕ್ಕ ಕ್ರಮವನ್ನು ತೋರಿಸಿ ಕಳುಹಿಸಿದರು. ವರ್ಷವಾದಮೇಲೆ ನೋಡಲಾಗಿ ಇಬ್ಬರಿಗೂ ಸಮಾನವಾದ ಗುಣ. ಕಳಸದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗಿಬರುವುದೆಂದರೆ ಒಂದು ದಿನದ ಕೂಲಿಯೂ ಹೋಯಿತು, ಬಸ್ಸಿನ ಖರ್ಚೂ ಆಯಿತು. ಅಂತಹವರಿಗೆ ವಾರವಾರವೂ ಹೋಗಬೇಕಾದ್ದಿಲ್ಲ, ಒಂದು ಸಲ ಸರಿಯಾದವರ ಬಳಿ ಕಲಿತುಬಂದರೆ ಸಾಕೆಂಬುದು ಎಷ್ಟು ದೊಡ್ಡ ಸಮಾಚಾರ!

ಇದರ ಹಿಂದಿರುವ ತತ್ತ್ವವನ್ನು ತೋಟದವರು ಸುಲಭವಾಗಿ ಗ್ರಹಿಸಬಲ್ಲರು. ಹಳೆಯ ಕಾಫಿಯ ಗಿಡವನ್ನು ಬುಡದ ಹತ್ತಿರ ಕಡಿದರೆ ಚಿಗುರು ತಾನಾಗಿ ಬರುವುದು. ಬರಿಸುವ ಶಕ್ತಿಯು ಗಿಡದಲ್ಲಿಯೇ ಇದೆ. ಆದರೆ ಆ ಚಿಗುರುಗಳಲ್ಲಿ ಒಳ್ಳೆಯದನ್ನು ಆರಿಸಿ, ನೆಟ್ಟಗೆ ಬೆಳೆಯುವಂತೆ ನೋಡಿಕೊಂಡರೆ ಮಾತ್ರ ಫಸಲಿನ ಗಿಡವಾದೀತು. ಕಂಡರದಲ್ಲಿಯೂ ಹಾಗೆಯೇ. ಹೊಸ ನೂಲುಗಳನ್ನು ಶರೀರವು ತಾನಾಗಿ ನೇಯುವುದು. ಭಾರವು ಯಾವ ದಿಕ್ಕಿನಲ್ಲಿ ಬೀಳುವುದೋ ಆ ದಿಕ್ಕಿಗೆ ನೂಲುಗಳು ಅಣಿಗೊಂಡು ಬಲಿಯುವುವು. ಭಾರವೇ ಇಲ್ಲದಿದ್ದರೆ ಅಡ್ಡಾದಿಡ್ಡಿಯಾಗಿ ನಿಲ್ಲುವುವು. ಅತಿಭಾರ ಬಿದ್ದರೆ ಹರಿಯುವುವು. ಈ ನೇಯ್ಗೆಗೆ ಬೇಕಾದ ಕಾಲವು ದಿನಗಳಲ್ಲ, ತಿಂಗಳುಗಳು. ಪುನರುತ್ಪಾದನೆಯೆಂಬ ಹೆಸರಿಗೆ ನಿಜವಾಗಿ ಅರ್ಹವಾದುದು ಮಿತವಾಗಿ ಆರಂಭಿಸಿ ಕ್ರಮವಾಗಿ ಏರಿಸುವ ಈ ವ್ಯಾಯಾಮವೇ.

ಅದರ ಸ್ಥೂಲವಾದ ಕ್ರಮವು ಹೀಗೆ. ನೋವು ತೀವ್ರವಾಗಿರುವಾಗ, ಒಳ್ಳೆಯ ಕೈಯನ್ನು ಮೇಜಿಗೂರಿ ಮುಂದಕ್ಕೆ ಬಾಗಿ, ನೋಯುವ ಕೈಯನ್ನು ದೇವಸ್ಥಾನದ ಗಂಟೆಯ ನಾಲಿಗೆಯಂತೆ ಇಳಿಬಿಟ್ಟು ಮೆಲ್ಲನೆ ತೂಗಬೇಕು. ಬಳಿಕ ಗೋಡೆಯ ಮೇಲೆ ಬೆರಳುಗಳನ್ನು ಇರುವೆ ಹತ್ತಿದಂತೆ ಹತ್ತಿಸಿ, ದಿನದಿನದ ಎತ್ತರಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಬಾವಿಯ ರಾಟೆಗೆ ಹಗ್ಗ ಹಾಕಿ, ಕೊಡವನ್ನು ಕಟ್ಟದೆ ಎರಡು ತುದಿಗಳನ್ನೂ ಹಿಡಿದು, ಒಳ್ಳೆಯ ಕೈಯನ್ನು ಕೆಳಕ್ಕೆಳೆದರೆ ಬೀಗಿದ ಕೈಯು ಮೇಲಕ್ಕೇರುವುದು. ಟವಲನ್ನು ಬೆನ್ನ ಹಿಂದೆ ಹಿಡಿದು, ಬೆನ್ನು ಉಜ್ಜಿಕೊಳ್ಳುವಂತೆ ಮೇಲಿನ ಕೈಯಿಂದ ಕೆಳಗಿನದನ್ನು ಎಳೆಯಬಹುದು. ನೋವು ಇಳಿಮುಖವಾದಮೇಲೆ ಮರಳು ತುಂಬಿದ ಚಿಕ್ಕ ಸೀಸೆಯಂತಹ ಸ್ವಲ್ಪ ಭಾರವನ್ನು ಹಿಡಿದು ಬಲವನ್ನು ಬೆಳೆಸಬೇಕು. ದಿನಕ್ಕೆರಡು ಮೂರು ಸಲ, ಹತ್ತು ಹತ್ತು ನಿಮಿಷ. ಮಾಡುವಾಗ ಕೊಂಚ ನೋವಾದರೆ ದೋಷವಿಲ್ಲ; ಮರುದಿನ ಬೆಳಗಿನವರೆಗೂ ಅದು ಹೆಚ್ಚಾಗಿಯೇ ಉಳಿದರೆ ಮಾಡಿದ್ದು ಅತಿಯಾಯಿತೆಂದು ತಿಳಿದು ತಗ್ಗಿಸಬೇಕು. ಕಂಡರದ ನೋವಿನಲ್ಲಿ ಮೂರು ತಿಂಗಳು ಬಿಡದೆ ಮಾಡಿದಮೇಲಲ್ಲವೆ ಫಲವಾಯಿತೋ ಇಲ್ಲವೋ ಎಂದು ನಿರ್ಣಯಿಸುವುದು? ಹೆಗಲು ಬೀಗಿದ್ದರೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಅದು ನೋಯುವ ಕಾಲ, ಬಿಗಿಯುವ ಕಾಲ, ಸಡಲುವ ಕಾಲ ಎಂಬ ಮೂರು ಅವಸ್ಥೆಗಳನ್ನು ದಾಟಿ ಒಂದರಿಂದ ಮೂರು ವರ್ಷಗಳಲ್ಲಿ ಬಹುಮಂದಿಗೆ ಬಹುಮಟ್ಟಿಗೆ ಸರಿಹೋಗುವುದು.

ಕಳಸದ ಕಡೆಯ ಪರಿಚಿತ ಮನೆಯೊಂದರ ಗೃಹಿಣಿಯ ಸಂಗತಿಯು ಇಲ್ಲಿ ಉಚಿತವಾಗಿದೆ. ಐವತ್ತರ ಸುಮಾರಿನ ಆಕೆಗೆ ತುರುಬು ಕಟ್ಟಲು ಕೈಯೇಳದಾಯಿತು. ದೂರದ ನಗರವೊಂದರಲ್ಲಿ, ಮೂರು ಇಂಜೆಕ್ಷನುಗಳೂ ಸಾಲದಿದ್ದರೆ ಮೂಲಕೋಶಗಳೂ ಬೇಕೆಂದು ಹೇಳಿ ಕಳುಹಿಸಿದ್ದರು. “ಮೇಷ್ಟ್ರೇ, ಸರ ಅಡವಿಟ್ಟರೆ ಆಗುತ್ತದೆ, ಇಡಲೋ ಬೇಡವೋ ಹೇಳಿ” ಎಂದು ಆಕೆ ಕೇಳಿದರು. ಅದಕ್ಕೆ ಉತ್ತರ ಹೇಳುವ ಅಧಿಕಾರ ನನಗಿರಲಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕಾಣಬೇಕೆಂದೆ. ಅಲ್ಲಿ ಕೈಯನ್ನು ತಿರುಗಿಸಿ ನೋಡಿ, ರಕ್ತವನ್ನೂ ಪರೀಕ್ಷಿಸಿದಾಗ, ಆಕೆಗೆ ಸಕ್ಕರೆ ಕಾಯಿಲೆಯಿರುವುದು ಅಂದೇ ಮೊದಲ ಸಲ ತಿಳಿಯಿತು. ಅದಕ್ಕೆ ಔಷಧಿಯೂ ಪಥ್ಯವೂ ಆರಂಭವಾದುವು. ವ್ಯಾಯಾಮವನ್ನು ಒಮ್ಮೆ ಕಲಿತುಬಂದು ಬಾವಿಯ ಕಟ್ಟೆಯ ಬಳಿ ಮಾಡತೊಡಗಿದರು. ನಾಲ್ಕನೆಯ ತಿಂಗಳಲ್ಲಿ ರಾತ್ರಿಯ ನಿದ್ದೆ ಮರಳಿತು. ವರ್ಷ ತುಂಬಿ ಕೆಲವು ವಾರಗಳಾದಮೇಲೆ ತುರುಬನ್ನು ತಾವೇ ಕಟ್ಟಿಕೊಂಡರು. ಬೆನ್ನ ಹಿಂದಕ್ಕೆ ಕೈಯು ಇಂದಿಗೂ ಮೊದಲಿನಷ್ಟು ಹೋಗದು. ವ್ಯಾಯಾಮದಿಂದ ಎಷ್ಟು, ಕಾಲದಿಂದ ಎಷ್ಟು ಗುಣವಾಯಿತೆಂದು ವಿಂಗಡಿಸಿ ಹೇಳುವಂತಿಲ್ಲ. ಸರವಂತೂ ಮನೆಯಲ್ಲಿಯೇ ಇದೆ. ಕಾಣದೆ ಒಳಗೆ ಕೊರೆಯುತ್ತಿದ್ದ ಇನ್ನೊಂದು ರೋಗವು ಸಕಾಲದಲ್ಲಿ ಬಯಲಾಯಿತು.

ಆದರೂ ಹಣ ಕೊಟ್ಟು ಹೊಸ ಚಿಕಿತ್ಸೆಯನ್ನು ಪಡೆಯಬೇಕೆಂಬ ಮನಸ್ಸುಳ್ಳವರು ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ನನ್ನ ರೋಗದ ಹೆಸರೇನು? ಏನನ್ನೂ ಚುಚ್ಚದೆ ವ್ಯಾಯಾಮವನ್ನೇ ಮಾಡಿದರೆ ಎಷ್ಟು ಕಾಲದಲ್ಲಿ ಏನಾದೀತು? ಉಪ್ಪುನೀರಿನ ಇಂಜೆಕ್ಷನಿಗಿಂತ ಇದು ಮೇಲೆಂದು ಯಾವ ಪರೀಕ್ಷೆಯಿಂದ ತಿಳಿದಿದೆ? ಒಟ್ಟು ಎಷ್ಟು ಸಲ, ಎಷ್ಟು ಹಣ? ಉತ್ತರವನ್ನು ಕಾಗದದ ಮೇಲೆ ಬರೆದುಕೊಡಲು ಒಪ್ಪುವ ವೈದ್ಯರನ್ನು ನಂಬಬಹುದು. ಇಂದೇ ನಿರ್ಧರಿಸಿರೆಂದು ಅವಸರಪಡಿಸುವವರನ್ನು ನಂಬಲಾಗದು. ಸ್ಕ್ಯಾನಿನ ಚಿತ್ರದಲ್ಲಿ ಕಂಡರವು ಹರಿದಿದೆಯೆಂಬ ಒಂದು ಮಾತಿಗೇ ಎದೆಗುಂದಬೇಕಾದ್ದಿಲ್ಲ. ಅರವತ್ತು ದಾಟಿದ ಅನೇಕರಲ್ಲಿ ಯಾವ ನೋವೂ ಇಲ್ಲದೆ ಅಂತಹ ಹರಕು ಇರುವುದುಂಟು.

ಕೆಲವು ಸಂದರ್ಭಗಳಲ್ಲಿ ಮಾತ್ರ ತಾಳ್ಮೆಯು ಗುಣವಲ್ಲ, ದೋಷ. ಏಣಿಯಿಂದಲೋ ಮರದಿಂದಲೋ ಬಿದ್ದು ಕೂಡಲೆ ಕೈಯೇಳದಾದರೆ ಎಲುಬು ಮುರಿದಿರಬಹುದು, ಕೀಲು ತಪ್ಪಿರಬಹುದು, ಕಂಡರವು ಪೂರ್ತಿಯಾಗಿ ಹರಿದಿರಬಹುದು. ಅಂತಹ ಹರಕಿಗೆ ಶೀಘ್ರವಾದ ಶಸ್ತ್ರಕ್ರಿಯೆಯಿಂದ ಪ್ರಯೋಜನವುಂಟು. ಕೀಲು ತಪ್ಪಿದ ಕೈಯನ್ನು ಅರಿಯದವರು ಎಳೆದರೆ ನರಕ್ಕೂ ರಕ್ತನಾಳಕ್ಕೂ ಹಾನಿಯಾಗುವುದು. ಕೀಲು ಊದಿ ಕಾದು ಜ್ವರ ಬಂದರೆ, ಕೈಯು ಜೋಮುಹಿಡಿದು ಶಕ್ತಿಗುಂದಿದರೆ, ಮೈ ಸೊರಗುತ್ತ ರಾತ್ರಿಯ ನೋವು ಏರುತ್ತಲೇ ಇದ್ದರೆ ತಡಮಾಡದೆ ತೋರಿಸಬೇಕು. ಎದೆಯ ಬಿಗಿತ, ಬೆವರು, ಏದುಸಿರುಗಳೊಡನೆ ಎಡ ಹೆಗಲೋ ತೋಳೋ ನೋಯತೊಡಗಿದರೆ ಅದು ಹೃದಯದ ಕರೆಯಾಗಿರಬಹುದು. ಎಣ್ಣೆಯ ಬಟ್ಟಲನ್ನು ಹುಡುಕದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡತಕ್ಕದ್ದು.

ಕೊನೆಯದಾಗಿ, ಈ ಚಿಕಿತ್ಸೆಯಲ್ಲಿ ರೋಗಿಯೊಬ್ಬನದೇ ಕರ್ತವ್ಯವಿರುವುದಲ್ಲ. ಮಿತವಾದ ಕೆಲಸವೇ ಔಷಧವೆಂದು ವೈದ್ಯರು ಹೇಳಿದರೂ, ಕೊಯ್ದ ತೂಕದ ಮೇಲೆ ಕೂಲಿಯಿರುವಲ್ಲಿ ಮಿತವನ್ನು ಕಾಯುವುದು ಬಡವರಿಗೆ ಎಷ್ಟುಮಟ್ಟಿಗೆ ಸಾಧ್ಯ? ಹೆಗಲು ನೋಯುವವಳಿಗೆ ಕೆಲವು ವಾರಗಳ ಮಟ್ಟಿಗೆ ತಗ್ಗಿನ ರೆಂಬೆಗಳ ಕೊಯ್ಲನ್ನೋ ಕಣದಲ್ಲಿ ಹಣ್ಣು ಆರಿಸುವ ಕೆಲಸವನ್ನೋ ಕೊಡುವುದು, ದೊಡ್ಡ ಚೀಲವೊಂದರ ಬದಲು ಚಿಕ್ಕವೆರಡನ್ನು ಕೊಡುವುದು, ದೋಟಿ ಹಿಡಿಯುವವರನ್ನು ಗಂಟೆಗೊಮ್ಮೆ ಬದಲಾಯಿಸುವುದು, ಇವು ತೋಟದ ಯಜಮಾನರಿಗೂ ಮೇಸ್ತ್ರಿಗಳಿಗೂ ಕಷ್ಟವಾದ ಕಾರ್ಯಗಳಲ್ಲ. ಮನೆಯಲ್ಲಿ ಗಂಡಸರು ನೀರಿನ ಕೊಡವನ್ನೂ ಅಟ್ಟದ ಪಾತ್ರೆಯನ್ನೂ ಇಳಿಸಿಕೊಟ್ಟರೆ ಅವರ ಘನತೆಗೆ ಕುಂದೇನೂ ಬಾರದು. ಮಾಯುವ ಶಕ್ತಿಯನ್ನು ಶರೀರವು ತನ್ನೊಳಗೇ ಇಟ್ಟುಕೊಂಡು ಹುಟ್ಟಿದೆ. ಅದಕ್ಕೆ ಬೇಕಾದುದು ಸರಿಯಾದ ತಿಳಿವಳಿಕೆ, ದಿನದಿನದ ಅಭ್ಯಾಸ, ಮತ್ತು ಸುತ್ತಲಿನವರು ಕೊಡುವ ಕೆಲವು ತಿಂಗಳ ಅವಕಾಶ.